ಮೋಡ ಓಡಿತು, ನಾನು ಕೂತಿದ್ದೆ

ಪೆರಿಕಲ್ಲೂರಿನ ಆಕಾಶದಲ್ಲಿ ನಮ್ಮ ಹಿತ್ತಲ ಮೇಲಿನ ಭಾಗವೇ ಶ್ರೇಷ್ಠ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದೆ ಶುಂಠಿ ಹೊಲ, ಆಚೆ ಕಬಿನಿ, ಅದರಾಚೆ ಕರ್ನಾಟಕದ ಕಾಡು. ಆ ಕಾಡಿನ ಮೇಲೆ ಮೋಡ ಏಳುವುದನ್ನು ಹಗಲೆಲ್ಲ ಮೊಬೈಲಿನಲ್ಲಿ ಹಿಡಿದರೆ, ಅಷ್ಟೂ ಹೊತ್ತು ಒಂದೇ ನಿಮಿಷಕ್ಕೆ ಇಳಿದು ಮೋಡಗಳು ಕುದುರೆಗಳಂತೆ ಓಡುತ್ತವೆ. ಇದಕ್ಕೆ ಟೈಮ್‌ಲ್ಯಾಪ್ಸ್ ಎನ್ನುತ್ತಾರೆ. ಗುಂಡಿ ಒತ್ತಿದರಾಯಿತು. ಅದರಲ್ಲಿ ತಪ್ಪಾಗಲು ಏನಿದೆ?

ಮೊದಲ ದಿನ ಮೊಬೈಲನ್ನು ಹಲಸಿನ ಮರಕ್ಕೆ ಕಟ್ಟಿದೆ. ಸಂಜೆ ಬಿಚ್ಚಿ ನೋಡಿದರೆ ಸೆಲ್ಫಿ ಕ್ಯಾಮೆರಾ ಆನ್ ಆಗಿತ್ತು! ಹಲಸಿನ ತೊಗಟೆಯ ಮೇಲೆ ಕತ್ತಲು ಕೂತಿರುವ ಅಪೂರ್ವ ದೃಶ್ಯ ಸಿಕ್ಕಿತ್ತು.

ಮರುದಿನ ಲೆನ್ಸನ್ನು ಸರಿಯಾಗಿ ತಿರುಗಿಸಿ ಕಟ್ಟಿ, ಮರದ ಮುಂದೆ ಕುರ್ಚಿ ಹಾಕಿಕೊಂಡು ಕೂತೆ.

"ಶುಂಠಿ ಕಳೆ ಕೀಳೋ ಪಣಿ ಇದೆ. ನೀವು ಬರಲ್ವಾ?" ಎಂದಳು ನನ್ನ ಹೆಂಡತಿ ಗೌರಿ. ನಮ್ಮ ದಡದಲ್ಲಿ ಕೆಲಸಕ್ಕೆ ಪಣಿ ಎಂದೇ ಹೆಸರು.

"ಕಾವಲು ಇರ್ಬೇಕು ಕಣೆ. ಹಸು ಬಂದು ಮರಕ್ಕೆ ಮೈ ಉಜ್ಜಿದ್ರೆ ಆಕಾಶವೇ ಅಲ್ಲಾಡಿಬಿಡುತ್ತೆ!"

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಲಕ್ಕಿಳಿದಳು.

ಸಂಜೆ ಆಚೆ ದಡದ ಊರಿನಿಂದ ಮಾವನವರ ಫೋನ್ ಬಂತು. "ಇಬ್ಬರೂ ಸೇರಿ ಇಡೀ ಹೊಲದ ಕಳೆ ಕಿತ್ತೆವು ಮಾವ, ಸೊಂಟ ಬಿದ್ದೇಹೋಯ್ತು!" ಎಂದು ನಿಟ್ಟುಸಿರು ಬಿಟ್ಟೆ. ಅದೇ ಉಸಿರಿನಲ್ಲಿ, ಭಾನುವಾರ ನಮ್ಮ ಟಿವಿಯಲ್ಲಿ ಚಿತ್ರದ ಮೊದಲ ಪ್ರದರ್ಶನಕ್ಕೂ ಆಹ್ವಾನಿಸಿದೆ. ಮೊದಲ ಪ್ರದರ್ಶನವೆಂದರೆ ಮೊದಲನೆಯದೇ ಆಗಿರಬೇಕಲ್ಲ. ಅದಕ್ಕೆ ನಾನೂ ನೋಡಿರಲಿಲ್ಲ!

ಮಾವ ದೋಣಿಯಲ್ಲಿ ಹೊಳೆ ದಾಟಿ ಬಂದರು. ಟಿವಿ ಹಚ್ಚಿದೆ. ಆಹಾ! ಮಂಜು ಎದ್ದಿತು. ಮೋಡಗಳು ನುಗ್ಗಿದವು. ಬಿಸಿಲು ಹೊಲದ ಮೇಲೆ ಚಾಪೆಯಂತೆ ಬಿಚ್ಚಿಕೊಂಡಿತು, ಸುತ್ತಿಕೊಂಡಿತು. ಅದರ ನಡುವೆ ಗೌರಿ ಮಗ್ಗದ ಲಾಳಿಯಂತೆ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದಳು.

"ಅಳಿಯಂದ್ರೆ, ಆ ಮೂಲೇಲಿ ಗೊಬ್ಬರದ ಮೂಟೆನ ಯಾಕೆ ಕುರ್ಚಿ ಮೇಲೆ ಇಟ್ಟಿದ್ದೀರಿ?"

ಹೌದಲ್ಲ! ಮಳೆ ಬಂದರೆ ನೆನೆಯುವುದಿಲ್ಲವೇ? ಗೌರಿಯನ್ನು ಗದರಿಸಲು ಬಾಯಿ ತೆರೆದೆ.

ಅಷ್ಟರಲ್ಲಿ ಮೂಟೆ ಎರಡೂ ಕೈ ಎತ್ತಿ ಮೈ ಮುರಿಯಿತು!

ನನ್ನ ಬಾಯಿ ತೆರೆದಂತೆಯೇ ಉಳಿಯಿತು. ಆಕಾಶವನ್ನು ನೋಡುವ ಲೆನ್ಸು ಕೆಳಗೆ ಕೂತವನನ್ನೂ ನೋಡುತ್ತದೆಂದು ಯಾರಿಗೆ ಗೊತ್ತಿತ್ತು! ಮೋಡ ಓಡಿತು, ನೆರಳು ಓಡಿತು, ಹೆಂಡತಿ ಓಡಿದಳು. ಮೂಟೆ ಮಾತ್ರ ಮತ್ತೆ ಕುಸಿದು ಮಲಗಿತು.

"ನಿಲ್ಸಿ!" ಎಂದು ಗೌರಿ ರಿಮೋಟು ಕಸಿದುಕೊಂಡಳು.

ಪರದೆ ನಿಂತಿತು. ಕುರ್ಚಿಯ ಹಿಂದೆ ಒಂದು ಕೋತಿ! ಅದರ ಎರಡೂ ಕೈ ನನ್ನ ತಲೆಯಲ್ಲಿ! ಹೇನು ಹುಡುಕುತ್ತಿದೆ! ಇಲ್ಲಿ ಎರಡು ಕ್ಷಣ ಕಂಡಿತೆಂದರೆ ಅಸಲಿಗೆ ಎಷ್ಟು ಹೊತ್ತು! ತಲೆ ಮುಟ್ಟಿಕೊಂಡೆ.

"ಗೌರೀ, ನೀನು ನೋಡ್ಲಿಲ್ವಾ? ಕೂಗಬಾರದಿತ್ತಾ?"

"ನೋಡ್ದೆ. ನೀವು ನಿದ್ದೇಲೇ ನಗ್ತಾ ಇದ್ರಿ. ಸುಖವಾಗಿದ್ದೀರಿ, ಎಬ್ಬಿಸೋದ್ಯಾಕೆ ಅಂತ ನನ್ನ ಪಣಿ ನೋಡ್ಕೊಂಡೆ."

ಮಾವ ಕನ್ನಡಕ ಏರಿಸಿಕೊಂಡು ಟಿವಿಯ ಹತ್ತಿರವೇ ಹೋದರು. "ಮುಂದಕ್ಕೆ ಬಿಡವ್ವ. ಏನಾದ್ರೂ ಸಿಕ್ತಾ ನೋಡಾಣ."

ಕೋತಿ ಈ ಕಡೆ ಹುಡುಕಿತು, ಆ ಕಡೆ ಹುಡುಕಿತು, ಕೊನೆಗೆ ನನ್ನ ತಲೆಯನ್ನು ಪಕ್ಕಕ್ಕೆ ತಳ್ಳಿ ಎದ್ದುಹೋಯಿತು.

"ಏನೂ ಇಲ್ವಂತೆ," ಎಂದರು ಮಾವ.

ಅಷ್ಟು ಶ್ರದ್ಧೆಯಿಂದ ಹುಡುಕಿದವರಿಗೇ ಏನೂ ಸಿಗದ ಮೇಲೆ, ಆ ತಲೆಯ ಪರವಾಗಿ ನಾನು ಯಾವ ಮುಖ ಇಟ್ಟುಕೊಂಡು ಮಾತಾಡಲಿ!