ಸೀರೆಗೆ ಮಾತು ಕಲಿಸಿದ ಭಾವ

ಮಕ್ತಲ್‌ನ ಅಕ್ಕನ ಮನೆಯ ಪಡಸಾಲೆಯಲ್ಲಿ ಅಂದು ಅಕ್ಕ, ನಾನು, ಅಕ್ಕನ ಮಗಳನ್ನು ನೋಡಲು ಗದ್ವಾಲದಿಂದ ಬಂದ ಗಂಡಿನ ಕಡೆಯವರು, ಮತ್ತು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿ ತಂದ ನಮ್ಮ ಭಾವ ಇದ್ದೆವು. ಭಾವನಂಥವರು ಊರಿಗೊಬ್ಬರಿದ್ದರೆ ಚೆಂದ. ಇಬ್ಬರಾದರೆ ಊರೇ ಖಾಲಿ!

“ಏನ್ ಕೆಲ್ಸ ಮಾಡ್ತೀರಿ?” ಎಂದರು ಗಂಡಿನ ತಂದೆ.

“ಸೀರಿಗಿ ಮಾತು ಕಲಸ್ತೀನ್ರಿ.”

ಚಹಾ ಬಟ್ಟಲು ಮೆಲ್ಲಗೆ ಕೆಳಗಿಳಿಯಿತು. ಸಂಬಂಧವೂ ಅಲ್ಲಿಗೇ ಇಳಿಯಿತು!

ಭಾವ ಸುಳ್ಳೇನೂ ಹೇಳಿರಲಿಲ್ಲ. ನಾರಾಯಣಪೇಟೆಯ ಸೀರೆ ಅಂಗಡಿಯೊಂದರ ಸಾಫ್ಟ್‌ವೇರ್ ಅವರ ಕೈಯಲ್ಲಿತ್ತು. ಅದರೊಳಗೆ ಪ್ರತಿ ಸೀರೆಯೂ ಒಂದು ‘ಆಬ್ಜೆಕ್ಟ್’, ಅಂದರೆ ತನ್ನ ವಿವರವನ್ನು ತಾನೇ ಇಟ್ಟುಕೊಂಡ ಘಟಕ. ‘ನೀನು ಯಾರು?’ ಎಂದು ಪ್ರೋಗ್ರಾಂ ಕೇಳಿದರೆ ಒಂದು ಸಾಲಿನಲ್ಲಿ ಪರಿಚಯ ಹೇಳಬೇಕು. ಹಿಂದೆ ಆ ಪ್ರೋಗ್ರಾಂ ಬರೆದವರು ಹಲವರು, ಬರೆದದ್ದು ಹಲವು ರೀತಿ. ಒಂದೇ ಸೀರೆ ಬಿಲ್ಲಿನಲ್ಲಿ ‘ಕೆಂಪು, ರೇಷ್ಮೆ ಅಂಚು’ ಎನ್ನುತ್ತಿತ್ತು. ದಾಸ್ತಾನಿನಲ್ಲಿ ನೇಕಾರರ ಹೆಸರಷ್ಟೇ ಹೇಳುತ್ತಿತ್ತು. ಇನ್ನೊಂದೆಡೆ ಅರ್ಥವಾಗದ ಅಂಕಿ-ಅಕ್ಷರ ಕಾರುತ್ತಿತ್ತು. ಭಾವನಿಗೆ ಅನ್ನ ಸೇರದಾಯಿತು.

ಎಲ್ಲ ಕಡೆಯೂ ಒಂದೇ ಥರ ಇರಬೇಕೆಂಬ ಹುಚ್ಚು ಮನೆಗೂ ಹಬ್ಬಿತು. ಬಸ್ಸಿನಲ್ಲಿ ತೆಲುಗು, ಕಿರಾಣಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ ಆಡುವುದು ನಮ್ಮ ಗಡಿ ಸೀಮೆಯಲ್ಲಿ ಯಾರಿಗೆ ಹೊಸದು? ಭಾವ ಅಕ್ಕನನ್ನು ತರಾಟೆಗೆ ತೆಗೆದುಕೊಂಡರು.

“ಬಸ್ಸಿನಾಗ ಒಬ್ಬಾಕಿ, ಕಿರಾಣ್ಯಾಗ ಒಬ್ಬಾಕಿ. ಖರೇ ಯಾರ ನೀನು?”

“ನಿಮ್ಮನ್ನ ಕಟ್ಕೊಂಡಾಕಿ! ಅದೊಂದು ಕರ್ಮ ಎಲ್ಲಾ ಕಡೀಗೂ ಒಂದ ಥರ ಐತಿ!”

ಕಡೆಗೆ ಭಾವ ಎಲ್ಲ ಸೀರೆಗೂ ಒಂದೇ ಥರದ ಸಾಲು ಕೂಡಿಸಿದರು: ಬಣ್ಣ, ಅಂಚು, ನೇಯ್ದವರ ಹೆಸರು. ಅಲ್ಲೇ ತೊಡಕು. ಅಂಗಡಿಯ ದಾಖಲೆಯಲ್ಲಿ ಮಗ್ಗವೆಲ್ಲ ಗಂಡನ ಹೆಸರಿನಲ್ಲಿ. ಹೆಂಡತಿ ನೇಯ್ದರೂ ಸೀರೆ ಗಂಡನದೇ. ನರಸಮ್ಮ ಎಂಬ ಅಜ್ಜಿಯ ಸೀರೆಗಳು, ಎಂದೋ ತೀರಿಹೋದ ಗಂಡನೇ ನೇಯ್ದನೆಂದು ಸಾರುತ್ತಿದ್ದವು. ಸತ್ತವನಿಗೂ ಬಿಡುವಿಲ್ಲವೇ! ಭಾವ ಅಜ್ಜಿಯ ಹೆಸರು ಹಾಕಿದರು. ಸೀರೆಯ ಚೀಟಿಯ ಮೇಲೂ ಅದೇ ಅಚ್ಚಾಯಿತು.

ಅಂಗಡಿ ಸಾವ್ಕಾರ ಚೀಟಿ ಹಿಡಿದುಕೊಂಡೇ ಬಂದ.

“ಯಾರ್ರೀ ಈ ನರಸಮ್ಮ?”

“ನೇಯ್ದಾಕಿ.”

“ಗಿರಾಕಿಗಿ ನೇಯ್ದಾಕಿ ಯಾಕ ಬೇಕ್ರಿ? ನಾಳೆ ನೆಟ್ಟಗ ಆಕೀ ಮನೀಗೇ ಹೋಗ್ತಾರ. ಎಲ್ಲಾರ ಹೆಸರೂ ತಗೀರಿ, ನನ್ನ ಅಂಗಡಿ ಹೆಸರೊಂದ ಸಾಕು. ನಿಮಗ ಎಲ್ಲಾ ಒಂದ ಥರ ಬೇಕಲ್ಲ? ಆತಲ್ಲ ಒಂದ ಥರ!”

ಭಾವ ಹೆಸರು ತೆಗೆಯಲೊಪ್ಪದೆ ಕೆಲಸ ಬಿಟ್ಟರು. ಸಾವ್ಕಾರ ಬೇರೊಬ್ಬನಿಂದ ತೆಗೆಸಿದ. ಈಗ ಅಲ್ಲಿಯ ಸೀರೆಗಳೆಲ್ಲ ಒಂದೇ ಮಾತು ಹೇಳುತ್ತವೆ. ಅಷ್ಟು ಓರಣವಾದ ಸುಳ್ಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೆಲವು ದಿನಗಳ ಮೇಲೆ ನರಸಮ್ಮಜ್ಜಿ ಮಕ್ತಲ್‌ಗೆ ಬಂದಳು. ಓದು ಬಾರದವಳು.

“ನನ್ ಹೆಸ್ರು ಇತ್ತಂತಲ್ಲಪಾ. ಒಂದ್ಸಲ ತೋರ್ಸು.”

ಭಾವ ತಮ್ಮಲ್ಲಿದ್ದ ಪ್ರೋಗ್ರಾಂನ ಹಳೆಯ ಪ್ರತಿ ತೆರೆದು ಆಕೆಯ ಸೀರೆಯನ್ನು ‘ನೀನು ಯಾರು?’ ಎಂದು ಕೇಳಿದರು. ಸಾಲು ಮೂಡಿತು. ಕೊನೆಯ ಪದದ ಕೆಳಗೆ ಬೆರಳಿಟ್ಟರು. ಅಜ್ಜಿ ಬಗ್ಗಿ ನೋಡಿದಳು.

“ಇಷ್ಟ ಐತೇನು? ಇಷ್ಟಕ್ಕ ಆ ಸಾವ್ಕಾರ ಅಷ್ಟು ಅಂಜಿದ್ನಾ?”

ಆಕೆ ನೋಡಿ ಮುಗಿಸುವವರೆಗೂ ಭಾವ ಬೆರಳು ತೆಗೆಯಲಿಲ್ಲ.