ಎದೆಯ ಆಪರೇಷನ್ನೂ ಪೂಜೆಯ ಸರದಿಯೂ

ಆಪರೇಷನ್ ಎಂದರೆ ಕ್ಷೌರದ ಹಾಗೆ ಎಂದು ನಂಬಿದ್ದವನು ನಾನು. ಹೋಗುವುದು, ಹೆಚ್ಚಾದದ್ದನ್ನು ತೆಗೆಸಿಕೊಳ್ಳುವುದು, ಹಗುರಾಗಿ ಮನೆಗೆ ಬರುವುದು!

ನನಗೆ ಹೆಚ್ಚಾಗಿದ್ದದ್ದು ಎದೆ. ಹೈಸ್ಕೂಲಿನಲ್ಲಿ ಓದುವಾಗ ಹೆಂಗಸರಿಗೆ ಬರುವಂತೆ ಬಂದದ್ದು, ಅದೇ ಹೈಸ್ಕೂಲಿನಲ್ಲಿ ಮೇಷ್ಟ್ರಾದ ಮೇಲೂ ಹೋಗುವ ಸೂಚನೆ ಕೊಡಲಿಲ್ಲ. ಹಾಗಾಗಿ ನಾನು ಸದಾ ದೊಗಲೆ ಅಂಗಿಯವನು. ಊರಿನ ಹುಡುಗರೆಲ್ಲ ಹೇಮಾವತಿಯಲ್ಲಿ ಈಜಿದರೆ, ನಾನು ದಡದಲ್ಲಿ ಕೂತು ಅವರ ಬಟ್ಟೆ ಕಾಯುವವನು. ಹೇಗೋ ಕಾಲ ಹಾಕುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನಮ್ಮಪ್ಪನ ಮಂಡಿನೋವು ಜೋರಾಯಿತು. ನನಗೆ ಸಂಕಟ ಶುರುವಾದದ್ದು ಅಲ್ಲಿಂದ.

ಹೊಳೆನರಸೀಪುರದ ನಮ್ಮ ಬೀದಿಯ ದೇವಸ್ಥಾನದ ಪೂಜೆ ದಾಯಾದಿಗಳ ಮನೆಗಳಿಗೆ ಸರದಿಯ ಮೇಲೆ ಬರುತ್ತದೆ. ನಮ್ಮ ಪಾಲಿಗೆ ಜ್ಯೇಷ್ಠ ಮಾಸ. "ಈ ಸಲ ನನ್ನ ಕೈಲಾಗಲ್ಲ, ನೀನೇ ಮಾಡ್ಬೇಕಪ್ಪಾ" ಅಂದರು ಅಪ್ಪ. ಗರ್ಭಗುಡಿಗೆ ಅಂಗಿ ಹಾಕಿಕೊಂಡು ಹೋಗುವ ಹಾಗಿಲ್ಲ. ನನ್ನ ಶಿಷ್ಯರು, ಶಿಷ್ಯರ ತಾಯಂದಿರು, ಎಲ್ಲರ ಎದುರಿಗೆ ಒಂದು ತಿಂಗಳು ಬರಿಮೈಯಲ್ಲಿ ಓಡಾಡಬೇಕು! ಆಗಲ್ಲ ಅಂದರೆ ಅಪ್ಪನಿಗೆ ಅನ್ನ ಇಳಿಯುವುದಿಲ್ಲ. ಬೇಸಿಗೆ ರಜೆಯಲ್ಲೇ ಎದೆ ಇಳಿಸಿಕೊಂಡು ಬಿಡೋಣ ಎಂದು ಗುಟ್ಟಾಗಿ ತೀರ್ಮಾನಿಸಿದೆ. ತಿಳಿದಿದ್ದವಳು ನನ್ನ ಹೆಂಡತಿ ಸುಧಾ ಒಬ್ಬಳೇ.

ಹಾಸನದ ನರ್ಸಿಂಗ್ ಹೋಮಿನ ಡಾಕ್ಟರು ರಕ್ತಪರೀಕ್ಷೆ ಮಾಡಿಸಿ ಧೈರ್ಯ ಹೇಳಿದರು. "ಇದು ಬಹಳ ಗಂಡಸರಿಗೆ ಇರುತ್ತೆ ಮೇಷ್ಟ್ರೇ. ಕೊಬ್ಬನ್ನ ಕೊಳವೆಯಿಂದ ಎಳೀತೀವಿ, ಒಳಗಿನ ಗಟ್ಟಿ ಭಾಗ ಸಣ್ಣಗೆ ಕೊಯ್ದು ತೆಗೀತೀವಿ. ಮಾರನೇ ದಿನ ಮನೆಗೆ." ಆಮೇಲೂ ಅವರು ಏನೇನೋ ಹೇಳಿದರು. 'ಮಾರನೇ ದಿನ ಮನೆಗೆ' ಎಂಬಲ್ಲಿಗೇ ನನ್ನ ಕಿವಿ ಮುಚ್ಚಿತ್ತು.

ಮಾರನೇ ದಿನ ಮನೆಗೆ ಹೊರಟೆ, ನಿಜ. ಆದರೆ ಎದೆಯ ಎರಡೂ ಪಕ್ಕದಿಂದ ಒಂದೊಂದು ಸಣ್ಣ ಕೊಳವೆ ಹೊರಬಂದು, ತುದಿಯಲ್ಲಿ ಕೆಟ್ಟ ರಕ್ತ ಇಳಿಯಲು ಒಂದೊಂದು ಡಬ್ಬಿ ನೇತಾಡುತ್ತಿತ್ತು. ಮೇಲೊಂದು ಬಿಗಿ ಬನೀನು. ಉಸಿರನ್ನು ಕಂತಿನಲ್ಲಿ ಎಳೆದುಕೊಳ್ಳಬೇಕು!

"ಕಾರು ಮಾಡ್ಕೊಂಡು ಹೋಗೋಣಾರೀ" ಅಂದಳು ಸುಧಾ.

"ಕಾರಿನಲ್ಲಿ ಇಳಿದರೆ ಬೀದಿಯವರೆಲ್ಲ ಕೇಳ್ತಾರೆ. ಬಸ್ಸೇ ಸರಿ" ಅಂದೆ. ಡಬ್ಬಿಗಳನ್ನು ಬಟ್ಟೆ ಚೀಲಕ್ಕೆ ಹಾಕಿ, ಕೊಳವೆಗಳನ್ನು ಅಂಗಿಯೊಳಗೆ ಮುಚ್ಚಿ ಬಸ್ಸು ಹತ್ತಿದೆ. ನೂಕುನುಗ್ಗಲಿನಲ್ಲಿ ಸುಧಾ ಮುಂದೆ ಸೇರಿಹೋದಳು. ನಾನು ಹಿಂದೆ ನಿಂತೆ. ಪಕ್ಕದ ಸೀಟಿನಲ್ಲಿ ಯಾರು? ನಮ್ಮ ಬೀದಿಯ ತೆಂಗಿನಕಾಯಿ ವ್ಯಾಪಾರಿ ನಿಂಗೇಗೌಡರು!

ನಿಂತವರ ಚೀಲವನ್ನು ಕೂತವರು ತೊಡೆಯ ಮೇಲೆ ಇಟ್ಟುಕೊಳ್ಳುವುದು ನಮ್ಮ ಕಡೆಯ ಬಸ್ಸಿನ ಧರ್ಮ. ಗೌಡರು ಕೈ ಚಾಚಿದರು. "ಕೊಡಿ ಸಾ ಚೀಲವ."

"ಬೇಡ ಗೌಡ್ರೇ, ಇರಲಿ."

"ಅಯ್, ನಮ್ತಾವ ಎಂತಾ ಸಂಕೋಚ, ಕೊಡಿ ಸಾ!" ಎಂದು ಎಳೆದೇಬಿಟ್ಟರು. ಚೀಲದ ಹಿಂದೆ ನಾನೂ ಹೋಗಿ ಅವರ ತೊಡೆಯ ಮೇಲೆ ಕುಳಿತೆ!

"ಇದೇನ್ ಸಾ, ಚೀಲ ನಿಮ್ಗೇ ಅಂಟ್ಕಂಡದೆ?"

"ಆಪರೇಷನ್ ಆಗಿದೆ. ಹರ್ನಿಯಾ" ಎಂದು ನರಳಿದೆ.

ಗೌಡರು ಕೊಳವೆಯ ಜಾಡು ಹಿಡಿದು ನನ್ನ ಎದೆಯವರೆಗೆ ನೋಡಿದರು. "ಅರ್ನಿಯಾ ಎದೆಗೂ ಬತ್ತದಾ ಸಾ?"

ವಿಜ್ಞಾನದ ಮೇಷ್ಟ್ರಾದ ನಾನು ಕಿಟಕಿಯ ಹೊರಗಿನ ತೆಂಗಿನ ಮರ ಎಣಿಸತೊಡಗಿದೆ. ಗೌಡರೇ ಅರ್ಥ ಮಾಡಿಕೊಂಡರು. ಟವೆಲಿನಲ್ಲಿ ಕಣ್ಣೊರೆಸಿಕೊಂಡು, "ಗೊತ್ತಾಯ್ತು ಬುಡಿ ಸಾ. ಆರ್ಟು! ನಾನ್ ಯಾರ್ಗೂ ಯೋಳಕ್ಕಿಲ್ಲ" ಅಂದರು.

ಸಂಜೆಗೆಲ್ಲ ಬೀದಿ ನಮ್ಮ ಮನೆಯಲ್ಲಿತ್ತು. ಹಾರ್ಲಿಕ್ಸ್ ಬಂತು, ಮೂಸಂಬಿ ಬಂತು, ಕೊಬ್ಬರಿ ಮಿಠಾಯಿ ಡಬ್ಬಿಗಟ್ಟಲೆ ಬಂತು. ಹಾರ್ಟು ಅಲ್ಲ ಎಂದರೆ ಮತ್ತೇನು ಎಂದು ಹೇಳಬೇಕಲ್ಲ! ಬಾಯಿ ಮುಚ್ಚಿಕೊಂಡು, ಎಂದರೆ ಬಂದದ್ದನ್ನೆಲ್ಲ ತಿಂದುಕೊಂಡು ಮಲಗಿದೆ.

ಕೊಳವೆ ತೆಗೆದ ಮೇಲೆ ಒಂದು ಬೆಳಿಗ್ಗೆ ಬನೀನು ಬಿಚ್ಚಿ, "ಹೇಗಿದೆ?" ಎಂದು ಸುಧಾಳನ್ನು ಕೇಳಿದೆ. ಎದೆಯೆಲ್ಲ ನೇರಳೆ ಹಣ್ಣಿನ ಬಣ್ಣ. ಅವಳು ಸ್ವಲ್ಪ ಯೋಚಿಸಿ, "ಬೇಜಾರು ಮಾಡ್ಕೋಬೇಡಿ, ಮುಂಚೆಗಿಂತ ಒಂಚೂರು ಜಾಸ್ತೀನೇ ಕಾಣತ್ತೆ" ಅಂದಳು.

ಎಸ್‌ಟಿಡಿ ಬೂತಿಗೆ ಓಡಿದೆ. "ಅವತ್ತೇ ಹೇಳಿದ್ನಲ್ಲ ಮೇಷ್ಟ್ರೇ" ಅಂದರು ಡಾಕ್ಟರು. "ಊತ ಇಳಿಯೋಕೆ ವಾರಗಳು ಬೇಕು. ಒಂದೂವರೆ ತಿಂಗಳು ಬಿಗಿ ಬನೀನು ಇರ್ಬೇಕು, ಕೈ ಎತ್ತಬಾರದು. ಇಳಿಯುತ್ತೆ, ನಂಬಿ."

ಜ್ಯೇಷ್ಠ ಹತ್ತಿರವೇ ಬಂದಿತ್ತು. "ಬನೀನಿನ ಮೇಲೆ ಶಲ್ಯ ಹೊದ್ದು ಪೂಜೆ ಮಾಡ್ತೀನಿ" ಅಂದೆ.

"ಹೊಲಿದ ಬಟ್ಟೆ ಗರ್ಭಗುಡಿಗೆ ಆಗತ್ತೇನ್ರೀ?" ಅಂದಳು ಸುಧಾ. ವಂಶಪಾರಂಪರ್ಯ ಅರ್ಚಕರ ಮಗ ಅದೊಂದನ್ನೇ ಮರೆತಿದ್ದ!

ಒಳಗೆ ಅಪ್ಪ ನನ್ನ ಹಾರ್ಟಿಗಾಗಿ ಮೃತ್ಯುಂಜಯ ಜಪ ಮಾಡುತ್ತಿದ್ದರು. ಇನ್ನು ತಡೆಯಲಾಗಲಿಲ್ಲ. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅಪ್ಪ ಜಪಮಣಿ ಕೆಳಗಿಟ್ಟು ನನ್ನ ಎದೆ ನೋಡಿದರು.

"ಇಷ್ಟಕ್ಕೇನೋ ನೀನು ಹೊಳೆಗೆ ಇಳೀತಿರಲಿಲ್ಲ? ನಿನಗೆ ನೀರು ಕಂಡ್ರೆ ಭಯ ಅಂದ್ಕೊಂಡಿದ್ದೆನಲ್ಲೋ..."

ಅವರ ಕಣ್ಣು ತುಂಬಿತು. ನನಗೂ ಅಳು ಬಂತು. ಅಳುವಾಗ ಬನೀನು ಇನ್ನೂ ಬಿಗಿ!

ಅಪ್ಪನೇ ದಾರಿ ಕಂಡುಹಿಡಿದರು. ಡಾಕ್ಟರನ್ನು ಕೇಳಿ, ಪೂಜೆಯ ಹೊತ್ತಿಗೆ ಮಾತ್ರ ಬನೀನು ತೆಗೆಸಿ, ತಮ್ಮ ಹಳೆಯ ಪಂಚೆಯನ್ನು ಎದೆಗೆ ಬಿಗಿಯಾಗಿ ಸುತ್ತಿದರು. "ಹೊಲಿಗೆ ಬಟ್ಟೆಗೆ ಇರಬಾರದು. ಮೈಗೆ ಇರಬಾರದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ" ಅಂದರು. ಆದರೆ ಕೈ ಎತ್ತುವಂತಿಲ್ಲವಲ್ಲ, ನನ್ನ ಮಂಗಳಾರತಿ ದೇವರ ಮೊಣಕಾಲಿನ ಹತ್ತಿರವೇ ಸುತ್ತುತ್ತಿತ್ತು.

"ಇನ್ನೊಸಿ ಮ್ಯಾಕೆ ಸಾ, ಸ್ವಾಮಿ ಮಕ ಕಾಣಕ್ಕಿಲ್ಲ!" ಎಂದು ಗೌಡರು ಹೊರಗಿನಿಂದ ಕೂಗಿದರು.

"ಆರ್ಟ್ ಪೇಶೆಂಟು ಕಣ್ರೀ, ಸುಮ್ಕಿರಿ!" ಎಂದು ಅವರ ಹೆಂಡತಿ ಗದರಿದರು.

ಸರದಿಯ ಕೊನೆಯ ದಿನದ ಹೊತ್ತಿಗೆ ಡಾಕ್ಟರ ಮಾತು ನಿಜವಾಗಿತ್ತು. ಬನೀನಿಗೂ ಪಂಚೆಗೂ ಬಿಡುಗಡೆ ಸಿಕ್ಕಿತು. ಎದೆ ಮಟ್ಟವಾಗಿತ್ತು! ಹೆಗಲ ಮೇಲೊಂದು ಶಲ್ಯ ಇಳಿಬಿಟ್ಟು, ಬರಿಮೈಯಲ್ಲಿ ತೀರ್ಥದ ಬಟ್ಟಲು ಹಿಡಿದು ಹೊರಗೆ ಬಂದೆ. ಎದೆಗೆ ತಣ್ಣಗೆ ಗಾಳಿ ತಾಗಿತು. ಇಷ್ಟು ವರ್ಷ ಈ ಸುಖ ಗೊತ್ತೇ ಇರಲಿಲ್ಲವಲ್ಲ ಅನ್ನಿಸಿತು. ಅಪ್ಪ ಕಂಬಕ್ಕೆ ಒರಗಿ ನೋಡುತ್ತಾ ನಗುತ್ತಿದ್ದರು.

ಗೌಡರು ತೀರ್ಥ ತಗೊಂಡು ನನ್ನ ಎದೆಯನ್ನು ಪರೀಕ್ಷಿಸಿದರು. "ಗಾಯನೇ ಕಾಣಕ್ಕಿಲ್ವಲ್ಲ ಸಾ! ಎಂತಾ ಡಾಕ್ಟ್ರು!"

ನಾನು ಬೀಗಿದೆ. ಗೌಡರ ದೃಷ್ಟಿ ಮೆಲ್ಲಗೆ ಕೆಳಗಿಳಿಯಿತು. ಬೀದಿಯವರ ಹಾರ್ಲಿಕ್ಸು, ಕೊಬ್ಬರಿ ಮಿಠಾಯಿ ಎಲ್ಲ ಅಲ್ಲಿ ಸುಖವಾಗಿ ನೆಲೆಸಿದ್ದವು. ಗೌಡರು ತುಂಬ ಕಾಳಜಿಯಿಂದ ಕೇಳಿದರು:

"ಎದೆ ಚೆಂದಾಗದೆ ಸಾ. ಒಟ್ಟೆ ಆಪರೇಷನ್ ಯಾವತ್ತು ಮಡೀಕಂಡಿದ್ದೀರಿ?"

ನಾನು ಹೆಗಲ ಮೇಲಿನ ಶಲ್ಯವನ್ನು ತೆಗೆದು ಹೊಟ್ಟೆಗೆ ಸುತ್ತಿಕೊಂಡೆ.