ಔಷಧ ಕೊಡದ ಅಂಗಡಿ

ಸೈಕಾಲಜಿ ಓದುತ್ತೇನೆ ಅಂದ ಕೂಡಲೇ ನಮ್ಮ ಕಡೆಯ ಜನ ಎರಡು ಪಂಗಡ ಆಗುತ್ತಾರೆ. ಒಂದು ಪಂಗಡ ನನ್ನಿಂದ ದೂರ ಸರಿದು ಕೂಡುತ್ತದೆ, ಇನ್ನೊಂದು ಹತ್ತಿರ ಸರಿದು ಕೂಡುತ್ತದೆ. ಕೂತಲ್ಲೇ ಕೂತಿರುವವರನ್ನು ನಾನಿನ್ನೂ ಕಂಡಿಲ್ಲ. ಹೀಗಾಗಿ ಡಿಗ್ರಿಯ ಕೊನೆಯ ವರ್ಷ ಬಳ್ಳಾರಿಯ ಒಂದು ಆಪ್ತಸಮಾಲೋಚನಾ ಕೇಂದ್ರಕ್ಕೆ ಇಂಟರ್ನ್‌ಶಿಪ್ ಅಂತ ಸೇರಿಕೊಂಡ ಮೇಲೆ ನಗುವಂಥ ಪ್ರಸಂಗಗಳಿಗೆ ನನಗೆ ಕೊರತೆ ಆಗಲಿಲ್ಲ.

ಮೊದಲ ಪ್ರಸಂಗ ಮನೆಯಲ್ಲೇ ಆಯಿತು. ಕುರುಗೋಡಿನಲ್ಲಿ ನಮ್ಮಪ್ಪನದು ಬೀಜ, ಗೊಬ್ಬರ, ಬೆಳೆ ಔಷಧದ ಅಂಗಡಿ. ರೈತರು ಮುದುಡಿದ ಮೆಣಸಿನ ಎಲೆ ತಂದು ಮುಂದಿಟ್ಟರೆ ಅಪ್ಪ ಅದನ್ನು ತಿರುಗಿಸಿ ನೋಡಿ, ಹಿಂದಕ್ಕೆ ಕೈ ಚಾಚಿ ಒಂದು ಬಾಟಲಿ ತೆಗೆದು ಕೊಡುತ್ತಾನೆ. ನಮ್ಮ ಕೇಂದ್ರದಲ್ಲಿ ಬಂದವರ ಮಾತು ಪೂರ್ತಿ ಕೇಳುತ್ತೇವೆ, ಹೀಗೆ ಮಾಡು ಹಾಗೆ ಮಾಡು ಅಂತ ಹೇಳುವುದಿಲ್ಲ ಎಂದು ನಾನು ವಿವರಿಸಿದೆ. ಅಪ್ಪ ಕೇಳಿದ:

"ರೋಗ ಕೇಳ್ತೀರಿ, ಔಷಧ ಕೊಡೂದಿಲ್ಲ. ಇದೆಂಥಾ ಅಂಗಡಿ ಮಗಳಾ?"

ಅಪ್ಪನಿಗೆ ನಾನು ಬಿ.ಎಡ್. ಮಾಡಿ ಸಾಲಿ ಟೀಚರ್ ಆಗಬೇಕು ಅಂತ ಆಸೆ. ನನಗೆ ಸೈಕಾಲಜಿಯಲ್ಲೇ ಎಂ.ಎಸ್ಸಿ. ಮಾಡುವ ಆಸೆ. ಇಬ್ಬರೂ ಹಟಮಾರಿಗಳು. ಕೊನೆಗೆ ಅಪ್ಪನೇ ಒಂದು ತೀರ್ಮಾನ ಹೇಳಿದ: "ಇಂಟರ್ನ್‌ಶಿಪ್ ಮುಗಿಯೂದ್ರೊಳಗ ಆ ಅಂಗಡಿ ನಾನ ಒಮ್ಮೆ ಕಣ್ಣಾರೆ ನೋಡ್ತೀನಿ. ನೋಡಿ ಹೇಳ್ತೀನಿ." ನನ್ನ ಮುಂದಿನ ಓದು ಆ ಒಂದು ಭೇಟಿಯ ಮೇಲೆ ನಿಂತಿತು.

ಕಿಟಕಿ ಸೀಟು

ದಿನಾ ಬೆಳಿಗ್ಗೆ ಕುರುಗೋಡಿನಿಂದ ಬಳ್ಳಾರಿ ಬಸ್ಸು. ಒಂದು ದಿನ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಬಾಜೂಕ ಕೂತ ಅಜ್ಜ ಏನು ಓದುತ್ತೀಯವ್ವಾ ಅಂತ ಕೇಳಿದ. ಹೇಳಿದೆ. ಅಜ್ಜ ಹತ್ತಿರ ಸರಿಯುವ ಪಂಗಡದವನು.

"ಹಂಗಾರ ನನ್ನ ಮನಸ್ಸಿನ್ಯಾಗ ಏನೈತಿ ಹೇಳು ನೋಡೂಣು."

ಹಾಗೆಲ್ಲ ಹೇಳೋಕೆ ಬರುವುದಿಲ್ಲ ಅಂದೆ. ಬಿಡಲಿಲ್ಲ. ಬಸ್ಸು ಹತ್ತಿದಾಗಿನಿಂದ ಅವನ ಕಣ್ಣು ನನ್ನನ್ನು ದಾಟಿ ಹೊರಗೇ ಇಣುಕುತ್ತಿತ್ತು.

"ಈ ಕಿಟಕಿ ಸೀಟು ಸಿಕ್ಕಿದ್ರ ಚಲೋ ಇತ್ತು ಅಂತೈತಿ, ಅಜ್ಜಾ."

ಅಜ್ಜ ಹೌಹಾರಿದ. ನಾನು ಎದ್ದು ಸೀಟು ಕೊಟ್ಟೆ. ಅವನು ಕೂತವನೇ ಹಿಂದಿನವರಿಗೂ ಮುಂದಿನವರಿಗೂ ಸುದ್ದಿ ಮುಟ್ಟಿಸಿದ. ಮರುದಿನದಿಂದ ಆ ಬಸ್ಸಿನಲ್ಲಿ ಯಾರು ಬಾಜೂಕ ಕೂತರೂ ನನ್ನನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡುವುದು ಶುರುವಾಯಿತು. ಇಂಟರ್ನ್‌ಶಿಪ್ ಮುಗಿಯುವವರೆಗೂ ಕಿಟಕಿ ಸೀಟು ನನಗೆ ದಕ್ಕಲಿಲ್ಲ.

ಸುಮ್ಮನಿರುವ ಕೆಲಸ

ಕೇಂದ್ರದ ಮೇಡಂ ಕಲಿಸಿದ ಮೊದಲ ಪಾಠ ಸುಮ್ಮನಿರುವುದು. "ಎದುರಿಗೆ ಕೂತವರು ತಾವಾಗಿ ಮಾತು ತೆಗೀಲಿ. ಅಲ್ಲೀತನಕ ಬಾಯಿ ಹಾಕಬ್ಯಾಡ" ಅಂದಿದ್ದರು. ನಮ್ಮ ಊರಲ್ಲಿ ಇಬ್ಬರು ಎದುರುಬದುರು ಸುಮ್ಮನೆ ಕೂತರೆ ಅದಕ್ಕೆ ಜಗಳ ಅಂತಲೇ ಅರ್ಥ. ಆದರೂ ಕಲಿತೆ.

ಒಂದು ದಿನ ಮೇಡಂ ಫೋನಿಗೆ ಎದ್ದು ಹೋಗುವಾಗ ರೂಪನಗುಡಿಯಿಂದ ಬಂದ ಒಬ್ಬ ಹೆಂಗಸಿನ ಎದುರು ನನ್ನನ್ನು ಕೂರಿಸಿದರು. ದೊಡ್ಡ ವಯಸ್ಸು, ಕೈಯಲ್ಲಿ ಬುತ್ತಿ ಚೀಲ. ನಾನು ಪಾಠದ ಪ್ರಕಾರ ಕೈಕಟ್ಟಿ, ಮುಖ ಮೆತ್ತಗೆ ಮಾಡಿ, ಸುಮ್ಮನೆ ಕೂತೆ. ಆಕೆಯೂ ಸುಮ್ಮನೆ ಕೂತಳು. ಗೋಡೆಯ ಫ್ಯಾನು ಮಾತ್ರ ಮಾತಾಡುತ್ತಿತ್ತು. ಆಕೆ ನನ್ನ ಮುಖವನ್ನು ನೋಡಿದಳು, ಮತ್ತೆ ನೋಡಿದಳು.

"ಯಾಕ ತಲ್ಲೀ, ಮನ್ಯಾಗ ಏನಾರ ಆಗೇತೇನು?"

ಇಲ್ಲ ಅಂತ ತಲೆ ಅಲ್ಲಾಡಿಸಿದೆ.

"ಉಂಡೀ ಇಲ್ಲೋ?"

ಅಷ್ಟು ಸಾಕಾಯಿತು ನೋಡಿ. ಬೆಳಿಗ್ಗೆಯೇ ಅಪ್ಪನ ಕೂಡ ಜಗಳಾಡಿ ತಿಂಡಿ ಬಿಟ್ಟು ಬಂದಿದ್ದೆ. ಮೇಡಂ ವಾಪಸು ಬಂದಾಗ ನನ್ನ ಒಂದು ಕೈಯಲ್ಲಿ ಸಜ್ಜಿರೊಟ್ಟಿ, ಇನ್ನೊಂದರಲ್ಲಿ ಶೇಂಗಾ ಚಟ್ನಿ. ನಾನು ಅಳುತ್ತಾ ಬಿ.ಎಡ್. ಕತೆ ಹೇಳುತ್ತಿದ್ದೆ, ಆಕೆ ಒಂದೇ ಒಂದು ಸಲಹೆ ಕೊಡದೆ ಕೇಳುತ್ತಿದ್ದಳು.

ನಾನು ಗಡಬಡಿಸಿ ಎದ್ದು ನಿಂತೆ. ಆಕೆ ಮೇಡಂ ಕಡೆ ತಿರುಗಿ ಹೇಳಿದಳು: "ನಮ್ಮದು ಇರ್ಲಿ ಬಿಡ್ರಿ ಮೇಡಮ್ಮಾರೆ. ಮೊದಲ ಈ ಕೂಸಿಂದು ನೋಡ್ರಿ."

ನಿದ್ದೆ ಕಾಯುವವರು

ವಾರಕ್ಕೊಮ್ಮೆ ಮೇಡಂ ಸಿರುಗುಪ್ಪದ ದವಾಖಾನೆಯಲ್ಲಿ ಕೂಡುತ್ತಿದ್ದರು, ನಾನೂ ಜೊತೆಗೆ. ಅಲ್ಲಿಗೆ ಬಂದ ಒಬ್ಬ ಹೆಂಗಸಿನ ಊರಿನ ಹೆಸರನ್ನು ನಾನು ಬದಲಿಸಬೇಕು, ಅದು ನಮ್ಮ ಕೆಲಸದ ಕಟ್ಟಳೆ. ದೇಶನೂರು ಅಂತ ಇಟ್ಟುಕೊಳ್ಳಿ. ದೇಶನೂರಿನವರು ಸಿಟ್ಟಾಗಬಾರದು.

ಗಂಡ ತೀರಿಕೊಂಡ ಮೇಲೆ ಆಕೆಗೆ ನಿದ್ದೆ ಇಲ್ಲ ಅಂತ ದೂರು. ಬಂದದ್ದು ಒಂದು ಟಂಟಂ ಆಟೋ ತುಂಬ ಜನ. ನಮ್ಮ ಕಡೆ ದವಾಖಾನೆಗೆ ಒಬ್ಬರನ್ನೇ ಕಳಿಸಿದರೆ ಓಣಿಗೇ ಅವಮಾನ. ಮೇಡಂ ಆಕೆಯನ್ನು ಕೇಳಿದ ಪ್ರಶ್ನೆಗೆಲ್ಲ ಬಾಜೂ ಮನೆಯಾಕೆ ಉತ್ತರ ಕೊಡುತ್ತಿದ್ದಳು.

"ಊಟ ಸೇರ್ತದೇನ್ರಿ?"

"ಅರ್ಧಾ ರೊಟ್ಟಿ ತಿಂತಾಳ್ರಿ."

"ಅವರೇ ಹೇಳಲಿ."

"ಅಕಿ ದುಃಖ ಅಕಿಗೇನು ಗೊತ್ತ್ರಿ? ನೋಡಿದವರು ನಾವು."

ಮೇಡಂ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಇಲ್ಲಿ ಆಡಿದ ಮಾತು ಈ ಬಾಗಿಲು ದಾಟುವುದಿಲ್ಲ ಅಂತ ಆಕೆಗೆ ಮಾತು ಕೊಟ್ಟರು. ಆಕೆ ಬಾಗಿಲನ್ನೊಮ್ಮೆ ನೋಡಿ ದನಿ ತಗ್ಗಿಸಿದಳು.

"ನನಗ ನಿದ್ದಿ ಚಲೋ ಬರ್ತೈತ್ರಿ. ಇವರು ಪಾಳಿ ಹಚ್ಚಿ ನನ್ನ ಕೂಡ ಮಲಗಾಕ ಬರ್ತಾರ. ಕಣ್ಣು ಹತ್ತಿದ ಕೂಡಲೇ ಅಲುಗಿಸಿ, ನಿದ್ದಿ ಬಂತೇನವ್ವಾ ಅಂತ ಕೇಳ್ತಾರ."

ಮೇಡಂ ತುಟಿ ಕಚ್ಚಿಕೊಂಡರು. ನಾನು ನನ್ನ ಕಾಲ್ಬೆರಳು ಎಣಿಸಿದೆ.

"ಹಾಗಾದ್ರೆ ಅವರಿಗೆ ಬರಬ್ಯಾಡ್ರಿ ಅಂತ ನೀವು ಹೇಳಬಹುದಲ್ಲ?" ಅಂದರು ಮೇಡಂ.

"ಅಯ್ಯ, ಹೇಳಬಾರದ್ರಿ. ಅವರು ಬರ್ಲಿಲ್ಲಂದ್ರ ಖರೇನ ನಿದ್ದಿ ಬರೂದಿಲ್ಲ."

ಅಷ್ಟು ಹೇಳಿ ಆಕೆ ಮೊದಲ ಸಲ ಅತ್ತಳು. ಹೊರಗೆ ಬಂದರೆ ಬಾಜೂ ಮನೆಯಾಕೆ ನನ್ನ ಕೈ ಹಿಡಿದಳು, ಒಳಗೆ ಏನಂದಳು ಅಂತ. ಅದನ್ನು ಹೇಳೋ ಹಾಗಿಲ್ಲ ಅಂದೆ. ಆಕೆ ನನ್ನನ್ನು ಕನಿಕರದಿಂದ ನೋಡಿದಳು.

"ಇರ್ಲಿ ಬಿಡವ್ವ. ಇವತ್ತು ನನ್ನ ಪಾಳಿ ಐತಿ. ನಡುರಾತ್ರಿ ಎಬ್ಬಿಸಿ ನಾನ ಕೇಳ್ತೀನಿ."

ಬಾಗಿಲ ಮುಂದಿನ ಚಪ್ಪಲಿ

ಕೊನೆಯ ವಾರ ಬಂತು. ಅಪ್ಪ ಮಾಲು ತರಲು ಬಳ್ಳಾರಿಗೆ ಹೋಗಿಬರುತ್ತಿದ್ದ, ಕೇಂದ್ರದ ಕಡೆ ಮಾತ್ರ ತಿರುಗಿ ನೋಡಿರಲಿಲ್ಲ. ಬಿ.ಎಡ್. ಅರ್ಜಿಯ ಮಾತು ಮನೆಯಲ್ಲಿ ಜೋರಾಗಿತ್ತು. ನನ್ನ ಆಸೆ ಮುಗಿಯಿತು ಅಂದುಕೊಂಡಿದ್ದೆ.

ಆ ದಿನ ಹಿಂದಿನ ಕೋಣೆಯಲ್ಲಿ ಚಾರ್ಟಿಗೆ ಬಣ್ಣ ಹಚ್ಚಿ ಹೊರಗೆ ಬಂದೆ. ಮೇಡಂ ಕೋಣೆಯ ಬಾಗಿಲು ಹಾಕಿತ್ತು. ಮುಂದೆ ಒಂದು ಜೊತೆ ಚಪ್ಪಲಿ, ಎಡಗಾಲಿನ ಪಟ್ಟಿಗೆ ಗೊಬ್ಬರ ಚೀಲದ ಹಸಿರು ದಾರದ ಹೊಲಿಗೆ. ಆ ಹೊಲಿಗೆ ಹಾಕಿದವಳು ನಾನೇ.

ಬೆಂಚಿನ ಮೇಲಿದ್ದವರನ್ನು ಕೇಳಿದೆ. ಅಪ್ಪ ಬಂದು ಸುಮ್ಮನೆ ಕೂತಿದ್ದನಂತೆ. ಮೇಡಂ ಬಾಗಿಲು ತೆರೆದು, ಮುಂದಿನವರು ಬರ್ರಿ ಅಂದರಂತೆ. ಸಾಲಿಯಲ್ಲಿ ಪಾಲಕರನ್ನು ಕರೆದ ಹಾಗೆ ಅಂದುಕೊಂಡು ಅಪ್ಪ ಎದ್ದು ಹೋಗಿದ್ದಾನೆ. ಕಷ್ಟ ಹೇಳಿಕೊಳ್ಳಲು ಬಂದವನು ಅಂತ ಮೇಡಂ ಬಾಗಿಲು ಹಾಕಿದ್ದಾರೆ. ನಾನು ಹೋಗಿ ಗೊಂದಲ ಬಿಡಿಸಬೇಕಾಗಿತ್ತು. ಆದರೆ ಒಳಗೆ ಮಾತು ನಡೆದಾಗ ಬಾಗಿಲು ಬಡಿಯಬಾರದು ಅಂತ ಕಟ್ಟಳೆ. ದೇಶನೂರಿನ ದಂಡಿನ ಸಂಕಟ ಏನು ಅಂತ ನನಗೆ ಆ ಬೆಂಚಿನ ಮೇಲೆ ಗೊತ್ತಾಯಿತು.

ಬಹಳ ಹೊತ್ತಿನ ಮೇಲೆ ಅಪ್ಪ ಹೊರಗೆ ಬಂದ. ಟವೆಲ್ಲಿನಿಂದ ಮುಖ ಒರೆಸಿಕೊಂಡು, ನನ್ನನ್ನು ನೋಡಿ, ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ ಚಪ್ಪಲಿಯಲ್ಲಿ ಕಾಲು ತೂರಿಸಿದ. ಇವರು ನಮ್ಮಪ್ಪ ಅಂದೆ. ಮೇಡಂ ನಮ್ಮಿಬ್ಬರನ್ನೂ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಅಪ್ಪ ಏನು ಹೇಳಿದ್ರು ಮೇಡಂ?"

"ಹೇಳೋ ಹಾಗಿಲ್ಲ. ನಿನಗೆ ಗೊತ್ತಲ್ಲ."

ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಸೀಟು ಅಪ್ಪನಿಗೆ ಬಿಟ್ಟೆ. ಬಳ್ಳಾರಿ ದಾಟಿದ ಮೇಲೂ ಅವನು ಹೊಲ ನೋಡುತ್ತಾ ಕೂತಿದ್ದ. ನಾನು ಕಲಿತ ಪಾಠದ ಪ್ರಕಾರ ಸುಮ್ಮನಿದ್ದೆ. ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

"ಆ ಮೇಡಂ ಏನೂ ಹೇಳಲಿಲ್ಲ ನೋಡು" ಅಂದ ಕೊನೆಗೆ. "ನಿನ್ನ ಓದಿನ ಮಾತು ತಗೀಬೇಕು ಅಂತ ಕುಂತಿದ್ದೆ. ಏನೇನೋ ಬಂತು, ಅದು ಬರ್ಲೇ ಇಲ್ಲ."

"ಹೂಂ."

"ಇಷ್ಟು ವರ್ಷ ಅಂಗಡ್ಯಾಗ ಕುಂತೀನಿ. ಬಂದವರೆಲ್ಲ ಏನು ಕೊಡ್ತಿ ಅಂತ ಕೇಳ್ತಾರ. ನಿನಗೇನಾಗೇತಿ ಅಂತ ಒಬ್ಬರೂ ಕೇಳಿದ್ದಿಲ್ಲ."

ನಾನು ಅವನ ಕೈ ಮೇಲೆ ಕೈ ಇಟ್ಟೆ. ಅಪ್ಪ ಕೈ ಬಿಡಿಸಿಕೊಳ್ಳಲಿಲ್ಲ.

"ಅದನ್ನ ಓದು ನೀನು. ಚಲೋ ಅಂಗಡಿ ಐತಿ."

ನನಗೆ ಅಳು ಬಂತು, ನಗುವೂ ಬಂತು. ಆಮೇಲೆ ತಡೆಯಲಾರದೆ, ಒಳಗೆ ಏನು ಹೇಳಿದಿ ಅಪ್ಪಾ ಅಂತ ಕೇಳಿಯೇಬಿಟ್ಟೆ.

"ಅದು ಬಾಗಿಲ ದಾಟಬಾರದಂತ" ಅಂದ. ಕುರುಗೋಡಿನ ಬೆಟ್ಟ ಕಾಣತೊಡಗಿದಾಗ ಹಿಂದೆ ಮುಂದೆ ನೋಡಿ ನನ್ನ ಕಡೆ ಬಗ್ಗಿದ. "ಮುಂದಿನ ವಾರ ಮತ್ತ ಬರ್ರಿ ಅಂದಾರ. ಹೋಗ್ತೀನಿ. ನಿಮ್ಮವ್ವಗ ಮಾತ್ರ ಹೇಳಬ್ಯಾಡ, ಆಕಿನೂ ಬರ್ತೀನಿ ಅಂತಾಳ."

"ಬರ್ಲಿ ಬಿಡಪ್ಪ, ಅದಕ್ಕೇನಾತು?"

"ಬಂದು ಬಾಜೂಕ ಕುಂತ್ರ, ನಾ ಯಾರ ಬಗ್ಗೆ ಹೇಳ್ಲಿ?"